ಸಮುದ್ರವನ್ನು ಮರಳಿಸದ ಬೆಯ್ಯಾ

ಬೆಯ್ಯಾ ಎಂದೂ ರಸ್ತೆಯ ಅಂಚಿನಲ್ಲಿ ನಡೆದವಳಲ್ಲ. ಬಿಜರ್ತಾ ಎಂಬ ಕಡಲತೀರದ ಊರಿನ ಹಳೆಯ ಬಂದರಿನ ಓಣಿಗಳಲ್ಲಿ, ಮೀನಿನ ಬುಟ್ಟಿಗಳೂ ಬೈಕುಗಳೂ ಎದುರಾದರೂ ಲೆಕ್ಕಿಸದೆ, ತಲೆಯನ್ನು ತುಸು ಮುಂದಕ್ಕೆ ಚಾಚಿ, ಯಾರಿಗೂ ಕಾಣದ ಬಿರುಗಾಳಿಯೊಂದನ್ನು ಹಣೆಯಿಂದಲೇ ಸೀಳುವವಳಂತೆ ನಡುಬೀದಿಯಲ್ಲೇ ಸಾಗುತ್ತಿದ್ದಳು. ಮೈಮೇಲೆ ಅಣ್ಣನ ಕಡುನೀಲಿ ಕೋಟು. ತೋಳುಗಳು ಬೆರಳನ್ನೂ ನುಂಗುವಷ್ಟು ಉದ್ದ, ಒಳಜೇಬು ಸದಾ ಹಸ್ತಪ್ರತಿಯಿಂದ ಉಬ್ಬಿರುತ್ತಿತ್ತು. ಹಗಲೆಲ್ಲ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಉದ್ಯೋಗ. ಮಿಕ್ಕ ಹೊತ್ತು ಲೋಕದಲ್ಲಿ ಸಂಭವಿಸಲಾರದ ಸಂಗತಿಗಳ ಕಥೆಗಳನ್ನು ಬರೆಯುವುದು: ನೆರಳನ್ನು ಬಾಡಿಗೆಗೆ ಕೊಡುವ ಊರು, ಸತ್ತವರ ಧ್ವನಿ ಹರಿಯುವ ನಲ್ಲಿ. ನಾವು ಗೆಳೆಯರು ಹಲ್ಲುನೋವೆಂದು ಗೋಳಾಡಿದರೂ ಕಣ್ಣರಳಿಸಿ, "ಆಮೇಲೆ?" ಎನ್ನುವಳು. ಹಲ್ಲುನೋವಿಗೆ ಆಮೇಲೆ ಏನಿರಲು ಸಾಧ್ಯ?

ಪತ್ರಿಕೆಗಳಿಗೆ ಕಳಿಸಿದ ಕಥೆಗಳು ವರ್ಷಗಟ್ಟಲೆ ಹೋದ ದಾರಿಯಲ್ಲೇ ಮರಳಿದ ಮೇಲೆ, ರಾಜಧಾನಿಯ ಹೆಸರಾಂತ ಪತ್ರಿಕೆಯೊಂದರ ಸಂಪಾದಕರು ಒಂದು ಸಂಜೆ ಆಕೆಗೆ ಫೋನ್ ಮಾಡಿದರು. ಒಂದು ಬೆಳಗ್ಗೆ ಸಮುದ್ರವು ಊರಿನ ದಂಡೆಯನ್ನು ತೊರೆದು, ಮತ್ತೆಂದೂ ಮರಳದೆ ಹೋಗುವ ಕಥೆ ಅವರಿಗೆ ಹಿಡಿಸಿತ್ತು. ಕಾಫಿಯಂಗಡಿಯಲ್ಲಿ ಅವಳ ಫೋನಿನ ಸುತ್ತ ನಾವೆಲ್ಲ ಕಿವಿಯಾಗಿ ಕುಳಿತೆವು.

"ಸೊಗಸಾಗಿದೆ ಕಣಮ್ಮ. ಆದ್ರೆ ಕೊನೇಲಿ ಅದೆಲ್ಲ ಕನಸು ಅಂತ ಒಂದು ಸಾಲು ಸೇರಿಸು, ಇಲ್ಲಾ ಸಮುದ್ರಾನ ವಾಪಸ್ ತಂದುಬಿಡು. ಮುಂದಿನ ಸಂಚಿಕೇಲೇ ಹಾಕ್ತೀವಿ."

"ಕನಸಲ್ಲ ಸಾರ್. ಹೋಗಿದೆ," ಎಂದಳು ಬೆಯ್ಯಾ. ಅಲ್ಲಿಗೆ ಮಾತು ಮುಗಿಯಿತು.

"ಒಂದು ಸಾಲಿಗೆ ಇಷ್ಟೊಂದು ಹಟವೇನೇ? ತಲೆ ನೆಟ್ಟಗಿದೆಯಾ ನಿಂಗೆ?" ಎಂದು ಸಿಡಿದವನು ನಮ್ಮ ಗೆಳೆಯ ಮುನ್ಸಿಫ್, ಮದುವೆ ಕರೆಯೋಲೆಗಳ ಮುದ್ರಣಾಲಯದಲ್ಲಿ ಬಿಡುವಿದ್ದಾಗಲಷ್ಟೇ ಅಚ್ಚಾಗುವ 'ನೌರಸ್' ಎಂಬ ಕಿರುಪತ್ರಿಕೆಯ ಸಂಪಾದಕ.

ಬೆಯ್ಯಾ ಪುದೀನ ಚಹಾ ಹೀರಿ, "ಬೈಯೋದು ಆಮೇಲೆ ಬೈಯುವಂತೆ. ನಿನ್ನ ಪತ್ರಿಕೇಲಿ ಜಾಗ ಇದ್ಯೋ ಇಲ್ವೋ, ಅದನ್ನ ಹೇಳು," ಎಂದಳು.

ಕಥೆ 'ನೌರಸ್'ನಲ್ಲಿ ಬಂತು. ಬಂದದ್ದು ಕೊನೆಯ ಪುಟವಿಲ್ಲದೆ. ಪುಟ ಜೋಡಿಸುವಾಗ ಅದೊಂದು ಹಾಳೆ ಎಲ್ಲೋ ಉಳಿದು, "ಮುದುಕಿ ಬತ್ತಿದ ಕಡಲಿಗೆ ಇಳಿದು" ಎಂಬಲ್ಲಿಗೆ ವಾಕ್ಯವೇ ತುಂಡಾಗಿತ್ತು. ಪ್ರತಿಗಳೆಲ್ಲ ಆಗಲೇ ಹಂಚಿಹೋಗಿದ್ದವು. ಮುನ್ಸಿಫ್ ಮುಖ ತೋರಿಸಲಾರದೆ ಮನೆಯಲ್ಲಿ ಕುಳಿತ. ಬೆಯ್ಯಾ ಅಳಲಿಲ್ಲ, ಕೂಗಾಡಲಿಲ್ಲ. ಕೊನೆಯ ಪುಟದ ಜೆರಾಕ್ಸ್ ಪ್ರತಿಗಳನ್ನು ತೆಗೆಸಿ, ಅಂಟಿನ ಡಬ್ಬಿಯನ್ನು ಜೇಬಿಗಿಳಿಸಿ, ಪುಸ್ತಕದಂಗಡಿ, ಮೇಷ್ಟರ ಮನೆ, ಆಸ್ಪತ್ರೆಯ ಪಡಸಾಲೆಯೆಂದು ಒಂದೊಂದು ಪ್ರತಿಯನ್ನೂ ಹುಡುಕುತ್ತ ಹೊರಟಳು. ಅವಳ ನಡಿಗೆಗೆ ಏದುಸಿರು ಬಿಡುತ್ತ ಹಿಂದೆ ನಾನು.

ಕ್ಷೌರಿಕ ಶಾದ್ಲಿಯ ಅಂಗಡಿಯಲ್ಲಿ ಒಂದು ಪ್ರತಿಯಿತ್ತು. ಆತ ಅದನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳಿದ್ದ.

"ಬೆಯ್ಯಾ ತಾಯಿ, ನೀವೇನಾ ಬರ್ದಿದ್ದು? ಅಂಗಡೀನ ರಣರಂಗ ಮಾಡಿಬಿಟ್ರಲ್ಲ! ಸಮುದ್ರ ಬರುತ್ತೆ ಅಂತ ಅರ್ಧ ಜನ, ಬರಲ್ಲ ಅಂತ ಅರ್ಧ ಜನ."

ಕೆನ್ನೆಗೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದ ಮೀನುಗಾರ ಅಮ್ಮಾರ್, "ಬಂದೇ ಬರುತ್ತೆ. ಓದಮ್ಮ, ಇವರ ಬಾಯಿ ಮುಚ್ಚಿಸು," ಎಂದ.

ಬೆಯ್ಯಾ ನಿಂತೇ ಓದಿದಳು. ದೋಣಿಯೇರಿ ಆಚೆ ದೇಶಕ್ಕೆ ಹೊರಟು ಮುಳುಗಿದ ಮಗನನ್ನು ಅರಸುತ್ತ ಮುದುಕಿ ಬತ್ತಿದ ಕಡಲಿಗೆ ಇಳಿಯುತ್ತಾಳೆ. ಅವಳ ಹಿಂದೆ ತಮ್ಮತಮ್ಮವರನ್ನು ಅರಸುತ್ತ ಊರೇ ಇಳಿಯುತ್ತದೆ.

"ಇದೇನಮ್ಮ ಹೀಗೆ! ಸಮುದ್ರಾನ ಬರಿಸು. ನಿನ್ನ ಗಂಟೇನು ಹೋಗುತ್ತೆ?" ಅಮ್ಮಾರ್ ರೇಗಿದ.

"ಬರಲ್ಲ ಚಿಕ್ಕಪ್ಪ. ಬಂದ್ರೆ ಅವಳು ಮಗನ್ನ ಎಲ್ಲಿ ಹುಡುಕ್ಬೇಕು?"

ಶಾದ್ಲಿಯ ಕತ್ತಿ ನಿಂತಿತು. ಆ ಅಂಗಡಿಯಲ್ಲಿ ಕುಳಿತವರಲ್ಲಿ, ಮನೆಯ ಯಾರನ್ನೂ ಕಡಲಲ್ಲಿ ಕಳೆದುಕೊಳ್ಳದವರು ವಿರಳ. ಅಮ್ಮಾರನ ಕೆನ್ನೆಯ ನೊರೆ ಒಣಗುತ್ತ ಬಂತು. ಆತ ಬೆಯ್ಯಾಳತ್ತ ತಿರುಗಿ, "ಸಿಕ್ಕಿದ್ನಾ?" ಎಂದ.

"ಇನ್ನೂ ಹುಡುಕ್ತಿದ್ದಾಳೆ."

ಶಾದ್ಲಿ ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ತಾನೇ ಪುಟವನ್ನು ಅಂಟಿಸಿ, ಅಂಗೈಯಿಂದ ಮೃದುವಾಗಿ ಒತ್ತಿದ. ನಾವು ಮುಂದಿನ ಪ್ರತಿಯತ್ತ ಹೊರಟೆವು.

ರಾಜಧಾನಿಯಿಂದ ಮತ್ತೆ ಕರೆ ಬರಲಿಲ್ಲ. ಬೆಯ್ಯಾ ಈಗಲೂ ಬರೆಯುತ್ತಾಳೆ. ಸಫಾಕಸ್, ವಹ್ರಾನ್‌ನಂಥ ದೂರದ ಊರುಗಳ, ಯಾರೂ ಅರಿಯದ ಪತ್ರಿಕೆಗಳಲ್ಲಿ ಅವಳ ಕಥೆಗಳು ಆಗೀಗ ಕಾಣಸಿಗುತ್ತವೆ. ಅಸಂಭವವನ್ನು ಬರೆಯುವವರು ಲೋಕಕ್ಕೆ ಬೆನ್ನುಹಾಕಿದವರೆಂದು ಪಂಡಿತರು ಸುಲಭವಾಗಿ ನಿರ್ಣಯಿಸಿಬಿಡುತ್ತಾರೆ. ನಾನು ಬಲ್ಲಂತೆ, ಹಾಗೆ ಬರೆಯುವವರು ಬೆರಳೆಣಿಕೆಯ ಓದುಗರೇ ಸಾಕೆಂದು ಒಪ್ಪಿಕೊಂಡಾರೇ ಹೊರತು, ಆ ಕೆಲವರಿಗೆ ಒಂದು ಹುಸಿ ಸಮಾಧಾನ ಹೇಳಿ ಎಂದರೆ ಅವರಿಂದ ಆಗದು.