ಮೀಸಲು ಕುರಿ

ಕುರಿ ಕೊಟ್ಟಿಗೆಯ ಬಾಗಿಲಲ್ಲೇ ಕಾಲೂರಿ ನಿಂತುಬಿಟ್ಟಿತು. ನರಸಪ್ಪ ಕೊರಳ ಹಗ್ಗ ಜಗ್ಗಿ ಜಗ್ಗಿ ಅದನ್ನು ಅಂಗಳಕ್ಕೆ ತಂದ. ಅಲ್ಲಿ ಅವನ ಅಪ್ಪ ದಾಸಣ್ಣನ ಹೆಣಕ್ಕೆ ಕಂಬಳಿ ಹೊದಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಗುಂಡಿ ತೋಡಲು ಹೋದವರು ಇನ್ನೂ ಬಂದಿರಲಿಲ್ಲ.

"ತಗೊಂಡೋಗು ಪೂಜಾರಪ್ಪ, ಬೀರಪ್ಪನ ಮೀಸಲು. ಸಾವಿನ ಮನೇಲಿ ದೇವ್ರ ಸ್ವತ್ತು ಬ್ಯಾಡ," ಅಂದ, ಅಂಗಳದಲ್ಲಿ ನಿಂತಿದ್ದ ಪೂಜಾರಿ ಮಾರಣ್ಣನಿಗೆ. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು. ಅಪ್ಪನನ್ನು ಪಟ್ಟನಾಯಕನಹಳ್ಳಿವರೆಗೆ ನಡೆಸಿ ಆಸ್ಪತ್ರೆಗೆ ಬಸ್ಸು ಹತ್ತಿಸುತ್ತಿದ್ದವನು ಅವನೇ.

ಹೆಣದ ಪಕ್ಕ ಕೂತಿದ್ದ ಅವ್ವ ಈರಕ್ಕ ತಲೆ ಎತ್ತಲಿಲ್ಲ. ಆ ಕುರಿಯ ಮೋರೆ ಕಂಡರೆ ಅವಳಿಗೆ ಈಗಲೂ ಮೈ ಉರಿಯುತ್ತಿತ್ತು.

*

ಎಂಬತ್ತನೇ ಇಸವಿಯ ಉಗಾದಿಗೆ ದಾಸಣ್ಣನಿಗೆ ಹತ್ತಿದ ಕೆಮ್ಮು ಇಳಿಯಲೇ ಇಲ್ಲ. ಡಾಕ್ಟರಿಗೊಂದು ಕುರಿ, ಎದೆಯ ಫೋಟೋಗೊಂದು ಕುರಿ, ಸೂಜಿಮದ್ದಿಗೆ ಲೆಕ್ಕವೇ ಇಲ್ಲ. ಆಸ್ಪತ್ರೆಯ ಹಾಸಿಗೆ ಪುಕ್ಕಟೆಯಾದರೇನು ಬಂತು, ಮದ್ದೆಲ್ಲ ಹೊರಗಿನ ಅಂಗಡಿಯದು. ತಾತನ ಕಾಲದ ಹಿಂಡು ಶಿರಾ ಸಂತೆಯಲ್ಲಿ ಕರಗಿ, ಒಂದೇ ಒಂದು ಹೆಣ್ಣು ಕುರಿ ಉಳಿಯಿತು. ಅದನ್ನೂ ಮಾರುವುದೆಂದಾಯಿತು. ಸಂತೆಯ ಬೆಳಿಗ್ಗೆ ಈರಕ್ಕ ನೋಡಿದರೆ ಕುರಿಯ ಹಣೆತುಂಬ ಅರಿಶಿನ, ಕಿವಿಯಲ್ಲಿ ಹಸಿ ಗಾಯದ ಗುರುತು.

"ಬೀರಪ್ಪಂಗೆ ಮೀಸಲು ಬುಟ್ಟಿವ್ನಿ ಕಣೆ. ಇನ್ನು ಮಾರಂಗಿಲ್ಲ," ಅಂದ ದಾಸಣ್ಣ, ಕೆಮ್ಮುತ್ತ.

"ಸೂಜಿ ಯಾರು ಹಾಕ್ಸೋರು? ಬೀರಪ್ಪನಾ?"

ಅವನು ಸುಮ್ಮನೆ ನಕ್ಕ. ದೇವರ ಸ್ವತ್ತು ಮಾರಿ ಉದ್ಧಾರವಾದ ಮನೆಯುಂಟೇ? ಕುರಿ ಉಳಿಯಿತು, ಸೂಜಿ ನಿಂತಿತು. ಅಂದಿನಿಂದ ಈರಕ್ಕ ಗಂಡನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಗಂಜಿ ಇಟ್ಟು ಮುಖ ತಿರುಗಿಸಿ ಹೋಗುತ್ತಿದ್ದಳು. ಅವನೋ, ಅರಿಶಿನ ಮಾಸಿದಾಗೆಲ್ಲ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಹೊಸದಾಗಿ ಬಳಿದು ಬರುತ್ತಿದ್ದ. ನಿನ್ನೆಯೂ ಬಳಿದಿದ್ದ.

*

ಪೂಜಾರಿ ಮಾರಣ್ಣ ಹಗ್ಗ ಮುಟ್ಟಲಿಲ್ಲ.

"ಇದ್ಯಾವ ಮೀಸಲು ಕಣ್ಲಾ? ಮೀಸಲು ಬುಡೋದು ಅಂದ್ರೆ ಗುಡಿ ಮುಂದೆ ತಂದು ನನ್ ಕೈಲಿ ನೀರು ಹಾಕಿಸ್ಬೇಕು. ನಿಮ್ಮಪ್ಪ ಗುಡಿ ತಾವ್ಕೇ ಬರ್ಲಿಲ್ವಲ್ಲ."

"ಅಂಗಂದ್ರೆ?"

"ಕುರಿ ನಿಮ್ದೇ ಅಂತ. ಹೋದ್ ತಿಂಗ್ಳು ನಾನು ಅವನ್ನ ನೋಡಾಕೆ ಬಂದಾಗ ಏನಂದ ಗೊತ್ತಾ? 'ನಾನಂತೂ ಉಳಿಯಾಕಿಲ್ಲ. ಒಂದು ಕುರಿ ಉಳಿದ್ರೆ ಈರಿಗೆ ನಾಳೆ ಹಿಂಡಾಯ್ತದೆ' ಅಂದ. ಅದ್ಯಾಕೆ ಅಂಗಂದ ಅಂತ ನಂಗೆ ಈಗ ತಿಳೀತು ನೋಡಪ್ಪ."

ನರಸಪ್ಪನ ಕೈಯಿಂದ ಹಗ್ಗ ಜಾರಿತು. ಈರಕ್ಕ ಗಂಡನ ಮುಖವನ್ನೇ ನೋಡಿದಳು. ಬೆಳಗಿನಿಂದ ಬಾರದ ಅಳು ಈಗ ಬಂತು.

ಅಷ್ಟರಲ್ಲಿ ಗುಂಡಿ ತೋಡಿದವರು ಬಂದರು. ದಾಸಣ್ಣನ ತಂಗಿ ಹೊನ್ನಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು.

"ಬಾ ಅತ್ತಿಗೆ, ಕೊನೇದಾಗಿ ಹಚ್ಚಿಸ್ಕೊ. ಆಮ್ಯಾಕೆ ಬಳೆ ತೆಗೀಬೇಕು."

"ತಟ್ಟೇದು ಬ್ಯಾಡ," ಅಂದಳು ಈರಕ್ಕ.

ಎದ್ದು ಹೋಗಿ ಕುರಿಯ ಮುಂದೆ ಕೂತಳು. ಅದರ ಹಣೆಯ ಅರಿಶಿನವನ್ನು ಎರಡೂ ಅಂಗೈಗೆ ಒರೆಸಿಕೊಂಡು ತನ್ನ ಕೆನ್ನೆಗಳಿಗೆ ಹಚ್ಚಿಕೊಂಡಳು. ಕುರಿಯ ಕೂದಲು ನಾಲ್ಕೆಳೆ ಕೆನ್ನೆಗೇ ಅಂಟಿದವು. ಅವನ್ನು ತೆಗೆಯದೆ, ಬಳೆಯ ಕೈಗಳನ್ನು ಹೊನ್ನಕ್ಕನ ಮುಂದೆ ಚಾಚಿದಳು.