ನಕ್ಷೆಯ ಬೆನ್ನು

ಈ ಕುರ್ಚಿಯ ಎಡಗೈ ಮಾತ್ರ ಸವೆದಿದೆ, ಬಲಗೈಯ ಮೆರುಗು ಹಾಗೇ ಇದೆ, ಅಂದರೆ ಇಲ್ಲಿ ಕೂತು ಕಾದವರೆಲ್ಲರ ಬಲಗೈಯಲ್ಲಿ ಏನೋ ಒಂದು ಕಾಗದವಿತ್ತು, ಬಿಡುವಾಗಿದ್ದ ಎಡಗೈ ಮರವನ್ನು ಉಜ್ಜುತ್ತಿತ್ತು — ನನ್ನದೂ ಈಗ ಅದನ್ನೇ ಮಾಡುತ್ತಿದೆ. ನನ್ನ ಬಲಗೈಯಲ್ಲಿರುವುದು ದೊಡ್ಡವರ ಕಾರ್ಯದರ್ಶಿ, ಆ ಹೆಣ್ಣುಮಗಳು, ಕೊಟ್ಟುಹೋದ ಹಾಳೆ, ಟೈಪು ಮಾಡಿದ ನಾಲ್ಕೇ ಸಾಲು, ಕೆಳಗೆ ನನ್ನ ಸಹಿಗೆ ಖಾಲಿ ಜಾಗ. ಓದಿ ಸಹಿ ಹಾಕಿಡಿ ಸಾರ್, ಅವಸರ ಏನಿಲ್ಲ, ದೊಡ್ಡವರು ಹತ್ತು ನಿಮಿಷದಲ್ಲಿ ಬರ್ತಾರೆ. ಅವಸರವಿಲ್ಲದಿದ್ದರೆ ಬೆಳಿಗ್ಗೆ ಎಂಟಕ್ಕೇ ಮನೆ ಬಾಗಿಲಿಗೆ ಕಾರು ಯಾಕೆ ಕಳಿಸಿದರು, ಮೂವತ್ತೊಂದು ವರ್ಷ ಬದುಕಿದ್ದೀಯಾ ಸತ್ತಿದ್ದೀಯಾ ಎಂದು ಒಂದು ಸಾಲು ಬರೆಯದವರು. ಚಹಾಕ್ಕೆ ಸಕ್ಕರೆ ಎರಡು ಚಮಚ, ನಾನು ಕುಡಿಯುವಷ್ಟೇ, ಕೇಳಲೇ ಇಲ್ಲ ಅವಳು, ನೇರವಾಗಿ ಹಾಕಿ ಕಲಕಿದಳು — ಯಾರು ಹೇಳಿದರು ಇವರಿಗೆ? ಕುಡಿಯುವುದಿಲ್ಲ, ಆರಲಿ. ಹಾಳೆಯಲ್ಲಿ ಇರುವುದು ಇಷ್ಟು: ಈ ಮೇಜಿನ ಮೇಲಿರುವ ನಕ್ಷೆ ನನ್ನ ಕೈಯದು, ಎರಡೂ ದೇಶಗಳ ನಡುವಿನ ಕೆಂಪು ಗೆರೆಯನ್ನು ನಾನೇ ಮಸಿಯಲ್ಲಿ ಎಳೆದೆ, ಯುದ್ಧದ ಕಡೆಯ ಗುರುವಾರ ಸಂಜೆ, ಮಾತುಕತೆ ಮುಗಿದ ಮೇಲೆ, ದೊಡ್ಡವರ ಸಮ್ಮುಖದಲ್ಲಿ. ಗುರುವಾರ ಸಂಜೆ. ದೇವರೇ, ಅದು ಮಂಗಳವಾರ ಮಧ್ಯಾಹ್ನ. ನನಗೂ ಗೊತ್ತು, ನಿನಗೂ ಗೊತ್ತು, ಅವರಿಗೂ ಗೊತ್ತು. ಬರುವ ತಿಂಗಳು ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯುತ್ತದಂತೆ, ಈ ನಕ್ಷೆಯನ್ನು ಗಾಜಿನೊಳಗೆ ತೂಗುಹಾಕಿ ಪಕ್ಕದಲ್ಲಿ ನನ್ನ ಸಹಿಯ ಹಾಳೆಯನ್ನೂ ಇಡುತ್ತಾರಂತೆ — ದಂಡನಾಯಕ, ಆಮೇಲೆ ರಾಯಭಾರಿ, ವಿದೇಶಾಂಗ ಮಂತ್ರಿ, ಆರು ವರ್ಷ ದೇಶದ ಪ್ರಧಾನಿ, ಬಂದೂಕು ಕೆಳಗಿಟ್ಟು ಶಾಂತಿ ತಂದವರು ಎಂದು ಮಕ್ಕಳ ಪಠ್ಯದಲ್ಲಿಯೂ ಇದೆ. ಅವರ ಕೈಕೆಳಗಿದ್ದ ಸಿಪಾಯಿಗಳು ಮಾತ್ರ ಬೇರೆ ಹೇಳುತ್ತಿದ್ದರು, ದೊಡ್ಡವರು ನಕ್ಕರೆ ಮೊದಲು ಜೇಬು ಮುಟ್ಟಿ ನೋಡ್ಕೋ ಎಂದು.

ಯಾಕೆ ಗುರುವಾರ ಬೇಕು ಎನ್ನುವುದಕ್ಕೆ ದೊಡ್ಡ ಬುದ್ಧಿ ಬೇಡ. ಗುರುವಾರ ನಡುಮಧ್ಯಾಹ್ನ ನಲವತ್ತೊಂದನೆಯ ಗುಡ್ಡದಲ್ಲಿ ಮೂವತ್ತೊಂಬತ್ತು ಜನ ಸತ್ತರು, ಅವರಲ್ಲಿ ಒಬ್ಬ ನನ್ನ ಮಗ, ಇಪ್ಪತ್ನಾಲ್ಕು ವರ್ಷ, ಮದುವೆಯಾಗಿ ಎಂಟು ತಿಂಗಳು. ಗೆರೆ ಗುರುವಾರ ಸಂಜೆಯದಾದರೆ ಗುಡ್ಡ ಅಲ್ಲಿಯವರೆಗೆ ನಮ್ಮದು, ಅವರು ನಮ್ಮ ಮಣ್ಣು ಕಾಯುತ್ತ ಸತ್ತವರು. ಮಂಗಳವಾರದ್ದಾದರೆ — ಎರಡು ದಿನ ಮುಂಚೆ ಅದನ್ನು ಆಚೆಯವರಿಗೆ ಬರೆದುಕೊಟ್ಟಾಗಿತ್ತು, ಬರೆದವನು ನಾನು, ಈ ಕೈ. ಗುಡ್ಡ ಬಿಟ್ಟುಕೊಟ್ಟಿದ್ದು ಅವರು ಹೋದ ಮೇಲೇ ಅಲ್ವಾ ಮಾವ, ಎಂದು ಸೊಸೆ ವರ್ಷಕ್ಕೊಂದು ಸಲವಾದರೂ ಕೇಳುತ್ತಾಳೆ, ಒಗೆದ ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ, ಹೌದಮ್ಮ ಎನ್ನುತ್ತೇನೆ, ಅವಳು ಮಡಿಕೆಯನ್ನು ಅಂಗೈಯಿಂದ ಒತ್ತಿ ಸಮ ಮಾಡುತ್ತಾಳೆ, ಇನ್ನೊಂದು ವರ್ಷ ಕಳೆಯುತ್ತದೆ. ಮರುಮದುವೆ ಬೇಡವೆಂದಳು, ಆ ಒಂದು ಹೌದಮ್ಮನ ಮೇಲೆ ಅವಳ ಮೂವತ್ತೊಂದು ವರ್ಷ ನಿಂತಿದೆ. ಇಂದು ಹೊರಡುವಾಗ ಕಾರಿನ ತನಕ ಬಂದು, ಓದ್ದೆ ಎಲ್ಲೂ ಸಹಿ ಹಾಕ್ಬೇಡಿ ಮಾವ, ಕನ್ನಡಕ ಜೇಬಲ್ಲಿದೆ ತಾನೇ, ಎಂದಳು. ಅವಳಿಗೇನಾದರೂ ಸುಳಿವು ಸಿಕ್ಕಿದೆಯೇ? ಇಲ್ಲ, ಅವಳು ಎಲ್ಲದಕ್ಕೂ ಹಾಗೆ ಹೇಳುವವಳೇ, ಹಾಲಿನವನ ಚೀಟಿಗೂ. ಅವಳನ್ನೂ ಅನುಮಾನಿಸುತ್ತೇನೆಯೇ ನಾನು. ಅನುಮಾನಿಸಬೇಕಾದದ್ದು ಬೇರೆ ಇದೆ — ಆ ಪತ್ರ. ಅಪ್ಪ, ಎಲ್ಲಿದ್ದೀನಿ ಅಂತ ಬರೆಯೋ ಹಾಗಿಲ್ಲ, ಆದ್ರೆ ಕೆಳಗಡೆ ಒಂದು ನದಿ ಇದೆ, ಎರಡು ಸಲ ಬಳಸಿಕೊಂಡು ಥೇಟ್ ಕಿವಿ ಥರ ಕಾಣುತ್ತೆ, ನೀನು ಇಲ್ಲಿದ್ದಿದ್ರೆ ಕಡ್ಡಿ ಪೆನ್ನು ಹಿಡ್ಕೊಂಡು ಕೂತುಬಿಡ್ತಿದ್ದೆ, ನಿನ್ನ ಯುದ್ಧವೇ ವಾಸಿ ಬಿಡು, ಚೆಲ್ಲಿದ್ರೆ ಮಸಿ ಅಷ್ಟೇ. ಸೋಮವಾರ ಬಂದ ಪತ್ರ. ಆ ನದಿಯನ್ನು ಕಿವಿಯ ಹಾಗೆ ಬರೆದವನು ನಾನೇ, ಅಂಥ ತಿರುವು ಇಡೀ ನಕ್ಷೆಯಲ್ಲಿ ಒಂದೇ ಕಡೆ ಇರುವುದು. ಗೊತ್ತಾಗಲಿಲ್ಲ ಎಂದು ದಿನಾ ಬೆಳಿಗ್ಗೆ ನಿನ್ನ ಮುಂದೆ ಹೇಳಿದ್ದೇನೆ ಭಗವಂತ, ಸಾವು ತಿಳಿಸುವ ಕಾಗದ ಬಂದ ಮೇಲಷ್ಟೇ ಗೊತ್ತಾಯಿತು ಎಂದು, ನೀನು ಒಂದು ದಿನವೂ ಸರಿ ಎನ್ನಲಿಲ್ಲ. ಮಂಗಳವಾರ ಆ ತಿರುವಿನ ಬಳಿ ಬಂದಾಗ ನನ್ನ ಕೈ ನಿಂತಿತ್ತು. ಒಂದು ಉಸಿರಿನಷ್ಟು. ಏನ್ರೀ ಮೇಷ್ಟ್ರೇ, ಎಂದರು ದೊಡ್ಡವರು. ಮಸಿ ದಪ್ಪಗಾಗಿದೆ, ಎಂದೆ. ಈ ಕೋಣೆಯ ಮಾತು ಕೋಣೆಯಲ್ಲೇ ಉಳೀಬೇಕು, ಎಂದರು. ಆಣೆ ಮಾಡಿದ್ದೆ, ನಿನ್ನ ಹೆಸರಿನಲ್ಲಿಯೇ ಮಾಡಿದ್ದೆ. ಆಣೆಗೆ ಅಂಜಿದೆನೋ, ಕೆಲಸ ಹೋದೀತೆಂದು ಅಂಜಿದೆನೋ. ಎರಡು ದಿನ — ಅದು ನನ್ನ ಪಾಪ, ಅಳತೆ ಗೊತ್ತಿರುವ ಪಾಪ, ಮಂಗಳವಾರದಿಂದ ಗುರುವಾರಕ್ಕೆ.

ನಕ್ಷೆ ಅಲ್ಲೇ ಮೇಜಿನ ಮೇಲಿದೆ, ಸಾರ್ ಮುಟ್ಬೇಡಿ ಎಂದು ಹೇಳುವವರು ಯಾರೂ ಇಲ್ಲ, ಇದೂ ಒಂದು ಪರೀಕ್ಷೆಯೋ ಏನೋ, ಬಾಗಿಲ ಸಂದಿಯಲ್ಲಿ ಯಾರಾದರೂ ನಿಂತಿರಬಹುದು. ನಿಲ್ಲಲಿ. ನನ್ನ ಕೆಲಸವನ್ನು ನಾನು ನೋಡುವುದಕ್ಕೆ ಯಾರ ಅಪ್ಪಣೆ? ಎತ್ತುತ್ತೇನೆ, ಹಗುರ, ಅಂಚು ಹಳದಿಯಾಗಿದೆ, ಕಿಟಕಿಯ ಬೆಳಕಿಗೆ ಹಿಡಿದರೆ — ತೂತುಗಳು. ಗೆರೆಯುದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು, ಒಂದರ ಹಿಂದೊಂದು. ಇವು ನೆನಪಿವೆ, ಮಂಗಳವಾರ ಕೆಂಪು ಮಸಿ ಅಲ್ಲಲ್ಲಿ ಇಂಗಿತ್ತು, ಇವತ್ತೇ ಅಳೆದಿರಬೇಕು ಇವರು ಎಂದುಕೊಂಡಿದ್ದೆ. ನಕ್ಷೆಯವನು ಚುಚ್ಚಿದರೆ ತಿರುವಿನಲ್ಲಿ ಮಾತ್ರ ಚುಚ್ಚುತ್ತಾನೆ. ಇವು ಒಂದೇ ಸಮ ದೂರದಲ್ಲಿವೆ, ಕೈವಾರದ ಎರಡು ಕಾಲುಗಳನ್ನು ಹೆಜ್ಜೆ ಹಾಕಿಸುತ್ತ ಉದ್ದ ಅಳೆದವನ ತೂತುಗಳು, ಹಿತ್ತಾಳೆಯ ಕೈವಾರ ಇಲ್ಲದೆ ದೊಡ್ಡವರು ಊಟಕ್ಕೂ ಕೂರುತ್ತಿರಲಿಲ್ಲ. ಮಗುಚಿ ನೋಡೋಣ. ಬೆನ್ನಿಗೆ ಕೆಂಪು ಚುಕ್ಕೆಗಳು, ಸಾಲಾಗಿ, ಸರಿ, ತೂತು ಮೊದಲಿದ್ದು ಮಸಿ ಆಮೇಲೆ ಬಂದರೆ ಮಸಿ ಕೆಳಗಿಳಿದು ಬೆನ್ನಿಗೆ ಬರುತ್ತದೆ, ಮಸಿ ಒಣಗಿದ ಮೇಲೆ ಚುಚ್ಚಿದರೆ ಬೆನ್ನು ಶುಭ್ರ, ಇದು ಕಲಿಯುವ ಹುಡುಗರಿಗೂ ಗೊತ್ತು. ಕೆಂಪು, ಕೆಂಪು, ಕೆಂಪು — ಇದು ಕೆಂಪಲ್ಲ. ಕಪ್ಪು. ಕನ್ನಡಕ ಒರೆಸಿಕೊಂಡೆ. ಕಪ್ಪೇ. ಮುಂದೆ ಇನ್ನೊಂದು, ಆಮೇಲೆ ಮತ್ತೊಂದು, ಮೂರು ಕಡೆ. ಮುಂಬದಿಗೆ ತಿರುಗಿಸಿದರೆ ಆ ಮೂರೂ ಜಾಗದಲ್ಲಿ ಗೆರೆ ರಸ್ತೆಯನ್ನು ದಾಟುತ್ತದೆ, ರಸ್ತೆ ಕಪ್ಪು ಮಸಿಯದು, ನಾನೇ ಬರೆದದ್ದು, ಯಾವಾಗ, ಯುದ್ಧ ಶುರುವಾದ ಎರಡನೆಯ ವಾರ. ನಾನು ಮೊದಲೇ ನದಿ ಗುಡ್ಡ ಬರೆದುಕೊಟ್ಟಿದ್ದ ಈ ಹಾಳೆಯನ್ನು ದೊಡ್ಡವರು ತಮ್ಮ ಚೀಲದಿಂದ ತೆಗೆದು, ನಮ್ಮ ಠಾಣೆಗಳಿಗೆ ಸಾಮಾನು ಹೋಗುವ ರಸ್ತೆ ಹಾಕಿ ಮೇಷ್ಟ್ರೇ, ಎಂದಿದ್ದರು. ಮೂರು ಕಡೆ ಮಸಿ ಇಂಗಿ ಕೆಳಗಿನ ಹಲಗೆಗೆ ಹತ್ತಿತು, ಕಾಗದ ಕಳಪೆ ಎಂದು ಉಗ್ರಾಣದವನ ಮೇಲೆ ದೂರು ಬರೆದೆ, ಪಾಪ ಆ ಮನುಷ್ಯನಿಗೆ ಬಡ್ತಿ ತಪ್ಪಿತು, ನಾನು ಒಳ್ಳೇ ಕಾಗದವನ್ನೇ ಕೊಟ್ಟಿದ್ದು ಸ್ವಾಮಿ ಎಂದು ಎಷ್ಟು ಸಲ ಹೇಳಿದ. ಕಾಗದ ಒಳ್ಳೆಯದೇ ಇತ್ತು. ತೂತುಗಳು ಆಗಲೇ ಇದ್ದವು. ಎರಡನೆಯ ವಾರದಲ್ಲಿಯೇ, ಯುದ್ಧ ನಡೆದದ್ದು ನಾಲ್ಕು ತಿಂಗಳು, ಮಗ ಆ ಗುಡ್ಡಕ್ಕೆ ಹೋದದ್ದು ಮೂರನೆಯ ತಿಂಗಳು. ಸುಮ್ಮನೆ ಅಳೆದಿರಬಹುದಲ್ಲ, ಸೇನಾಪತಿಗಳು ಹತ್ತು ಗೆರೆ ಅಳೆಯುತ್ತಾರೆ — ಹಾಗಾದರೆ ಉಳಿದ ಒಂಬತ್ತು ಎಲ್ಲಿ? ಹಾಳೆಯನ್ನೆಲ್ಲ ಬೆಳಕಿಗೆ ಹಿಡಿದು ಹುಡುಕಿದೆ, ಮೂಲೆಯಿಂದ ಮೂಲೆಗೆ. ಒಂದೇ ಸಾಲು. ಇದೇ ಸಾಲು. ಮೂರನೆಯ ಕಪ್ಪು ಚುಕ್ಕೆ ನಲವತ್ತೊಂದನೆಯ ಗುಡ್ಡದ ಬುಡದಲ್ಲಿ, ಕಿವಿಯಂಥ ನದಿಯ ಪಕ್ಕದಲ್ಲಿ.

ಗಾಲಿಗಳ ಸದ್ದು, ಬಂದರು, ಗಾಲಿಕುರ್ಚಿಯಲ್ಲಿ, ಕಾಲ ಮೇಲೆ ಕಂಬಳಿ, ಕಣ್ಣು ಮಾತ್ರ ಅದೇ ಕಣ್ಣು, ಹಿಂದೆ ತಳ್ಳುತ್ತ ಕಾರ್ಯದರ್ಶಿ. ಏನ್ರೀ ಗೆರೆ ಮೇಷ್ಟ್ರೇ, ನಾನೊಬ್ನೇ ಹಳೇ ಸಾಮಾನು ಅಂದ್ಕೊಂಡಿದ್ದೆ, ನೀವೂ ಇದ್ದೀರಲ್ಲ, ನೋಡಿ ನನ್ನ ಕಾಲೆರಡೂ ರಾಜೀನಾಮೆ ಕೊಟ್ಟಿವೆ, ನಾನು ಇನ್ನೂ ಅಂಗೀಕರಿಸಿಲ್ಲ. ನಕ್ಕರು, ನನ್ನ ಕೈ ತಾನಾಗಿ ಜೇಬಿಗೆ ಹೋಯಿತು, ಕನ್ನಡಕದ ಡಬ್ಬಿ ಇತ್ತು. ಸಂಗ್ರಹಾಲಯದ ಹುತಾತ್ಮರ ಗೋಡೆಯಲ್ಲಿ ನಿಮ್ಮ ಮಗನ ಹೆಸರೇ ಮೊದಲನೇದು ಸಾರ್, ನಿಮ್ಮ ಸೊಸೆಯವರ ಕೈಯಲ್ಲೇ ಪರದೆ ಸರಿಸೋಣ ಅಂತ, ಎಂದಳು ಕಾರ್ಯದರ್ಶಿ. ಸೊಸೆ ಸೀರೆಯ ಸೆರಗು ಸರಿಮಾಡಿಕೊಂಡು ಹಗ್ಗ ಎಳೆಯುವುದು ಕಣ್ಣಿಗೆ ಕಟ್ಟಿತು, ಅಳುವುದಿಲ್ಲ ಅವಳು, ಅಂಗೈಯಿಂದ ಗೋಡೆ ಸವರುತ್ತಾಳೆ. ಹಾಳೆ ಸರಿಯಾಗಿದೆ ತಾನೇ ಮೇಷ್ಟ್ರೇ. ದೊಡ್ಡವರೇ, ಎಂದೆ, ಈ ಗೆರೆಯ ಉದ್ದ ಎಷ್ಟು, ನೆನಪಿದೆಯಾ? ನೂರಾ ಹನ್ನೆರಡೂವರೆ ಮೈಲಿ, ಎಂದರು ತಟ್ಟನೆ, ಖುಷಿಯಿಂದ, ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ, ನನ್ನ ಕೈಯಾರೆ ಅಳೆದಿದ್ದು. ಯಾವಾಗ ಅಳೆದಿರಿ. ಸಾರ್, ಮಾತ್ರೆ ತಗೊಳ್ಳೋ ಹೊತ್ತಾಯ್ತು, ಎಂದಳು ಅವಳು. ಅವರು ಕೈಯೆತ್ತಿ ಅವಳನ್ನು ತಡೆದರು, ಮಗುಚಿದ ನಕ್ಷೆಯನ್ನು ನೋಡಿದರು, ನನ್ನನ್ನು ನೋಡಿದರು, ಸುಳ್ಳು ಹೇಳುತ್ತಾರೆ ಎಂದುಕೊಂಡೆ, ಹೇಳಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. ಆಚೆ ಕಡೆಯ ದಂಡನಾಯಕನೂ ನಾನೂ ಒಂದೇ ಬೆಂಚಲ್ಲಿ ಪಾಠ ಕಲಿತವರು ಮೇಷ್ಟ್ರೇ, ಎಲ್ಲಿ ನಿಲ್ಲಿಸ್ಬೇಕು ಅಂತ ಇಬ್ಬರಿಗೂ ಮೊದಲೇ ಗೊತ್ತಿತ್ತು. ಆದ್ರೆ ಸುಮ್ನೆ ಕೂತು ಗೆರೆ ಎಳೆದಿದ್ರೆ ಎರಡೂ ಕಡೆ ಜನ ನಮ್ಮನ್ನ ದ್ರೋಹಿಗಳು ಅಂತ ಓಡಿಸ್ತಿದ್ರು. ಒಂದಷ್ಟು ದಿನ ಬೇಕಿತ್ತು, ಜನಕ್ಕೆ ಸಾಕಾಗ್ಬೇಕಿತ್ತು. ಖಾಲಿ ಗುಡ್ಡ ಬಿಟ್ಟುಕೊಟ್ರೆ ಅವನು ಗೆದ್ದೆ ಅಂತ ಊರಲ್ಲಿ ಹೇಳೋದು ಹೇಗೆ? ಮೂವತ್ತೊಂಬತ್ತು ಜನ, ಎಂದೆ. ಆಮೇಲೆ ಮೂವತ್ತೊಂದು ವರ್ಷ ಒಂದು ಗುಂಡು ಹಾರಿಲ್ಲ, ಅದನ್ನೂ ಹೇಳಿ. ದನಿ ತಗ್ಗಿಸಿ, ಸಿಪಾಯಿಗಳ ಪತ್ರ ಎಲ್ಲ ಮೊದಲು ನಮ್ಮವರೇ ಓದ್ತಿದ್ರಲ್ಲ, ಆ ಕಿವಿ ಥರದ ನದಿ, ಅದನ್ನ ನಾನೂ ಓದಿದ್ದೆ ಮೇಷ್ಟ್ರೇ, ನಿಮ್ಮ ಮನೆಗೆ ಬಿಡಿ ಅಂದವನೇ ನಾನು. ಮಂಗಳವಾರ ಅಲ್ಲಿಗೆ ಬಂದಾಗ ನಿಮ್ಮ ಕೈ ನಿಂತದ್ದೂ ನೋಡ್ದೆ. ಮಸಿ ದಪ್ಪ ಅಂದ್ರಿ. ಆವತ್ತೇ ನಿಮ್ಮ ಮೇಲೆ ಭರವಸೆ ಬಂತು.

ಭರವಸೆ. ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ನಿನ್ನ ಮುಂದೆ ಮುಚ್ಚಿಟ್ಟದ್ದನ್ನು ಇವರು ಆವತ್ತೇ ನೋಡಿದ್ದರು ದೇವರೇ, ನೀನು ನೋಡುವ ಹಾಗೆ ನೋಡಿ ನೀನು ಸುಮ್ಮನಿರುವ ಹಾಗೆಯೇ ಸುಮ್ಮನಿದ್ದರು, ನನ್ನ ಚಹಾದ ಸಕ್ಕರೆ ಕೂಡ ಗೊತ್ತಿರುವವರು — ನನ್ನನ್ನು ಅಳೆದಿಟ್ಟಿದ್ದರು, ಈ ಮನುಷ್ಯ ಇಷ್ಟು ದೂರ ಬಾಯಿ ಮುಚ್ಚಿಕೊಂಡು ಬರುತ್ತಾನೆ ಎಂದು. ಪೆನ್ನು ಕೊಡಮ್ಮ. ಕೊಟ್ಟಳು, ಒಳ್ಳೆಯ ಪೆನ್ನು, ಮಸಿ ಸರಾಗವಾಗಿ ಇಳಿಯುತ್ತದೆ. ಗುರುವಾರ ಹೊಡೆದುಹಾಕಿದೆ. ಮಂಗಳವಾರ ಎಂದು ಬರೆಯಬೇಕು, ಅಷ್ಟಕ್ಕೇ ಇಷ್ಟು ವರ್ಷ ಕಾದದ್ದು, ಬರೆದರೆ ನನ್ನ ಪಾಪ ಇಳಿಯುತ್ತದೆ — ಆದರೆ ಅದೂ ಸುಳ್ಳು ಈಗ, ಮಂಗಳವಾರವೂ ಸುಳ್ಳು. ಕಂಡದ್ದಕ್ಕೆ ಮಾತ್ರ ಸಹಿ ಹಾಕು ಎಂದು ನನಗೆ ಕಲಿಸಿದವರು ಹೇಳಿದ್ದರು. ಮೇಷ್ಟ್ರೇ ಏನ್ ಮಾಡ್ತಿದ್ದೀರಿ, ಸಾರ್ ಅದು ಮೂಲಪ್ರತಿ ಸಾರ್, ಅದರ ಮೇಲೆ ಬರೀಬೇಡಿ — ನಕ್ಷೆಯ ಬೆನ್ನಿಗೆ ಬರೆಯುತ್ತಿದ್ದೇನೆ, ದೊಡ್ಡ ಅಕ್ಷರದಲ್ಲಿ: ರಸ್ತೆ ಹಾಕುವ ಮೊದಲೇ ಈ ತೂತುಗಳಿದ್ದವು, ಯುದ್ಧದ ಎರಡನೆಯ ವಾರ, ಮಂಗಳವಾರ ಕೆಂಪು ಗೆರೆ ಎಳೆದವನು ನಾನು, ಆಗ ನನ್ನ ಮಗ ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಗೊತ್ತಿತ್ತು. ಕೆಳಗೆ ನನ್ನ ಸಹಿ. ಹರಿದುಹಾಕಲಿ ಬೇಕಾದರೆ, ಹರಿದರೆ ಅವರ ಗೆರೆಯೂ ಹರಿಯುತ್ತದೆ, ಗಾಜಿನೊಳಗೆ ಇಡುವುದಕ್ಕೆ ಬೇರೆ ನಕ್ಷೆಯಿಲ್ಲ. ದೊಡ್ಡವರು ಏನೋ ಹೇಳುತ್ತಿದ್ದಾರೆ, ಮೆಲ್ಲಗೆ, ಯಾವುದೋ ದೇಶದ ರಾಯಭಾರಿಯ ಜೊತೆ ಮಾತಾಡುವ ಹಾಗೆ, ಕೇಳಿಸುತ್ತಿಲ್ಲ ನನಗೆ. ಮನೆಗೆ ಹೋಗಿ ಅವಳಿಗೆ ಹೇಳಬೇಕು, ಬಟ್ಟೆ ಮಡಿಸುತ್ತಿರುವಾಗ ಬೇಡ, ಕೂರಿಸಿ ಹೇಳಬೇಕು, ಇಲ್ಲಮ್ಮ, ಅವನು ಹೋಗುವುದಕ್ಕೆ ಮುಂಚೆ, ಬಹಳ ಮುಂಚೆ, ನನಗೆ — ಅಮ್ಮ, ನಿನ್ನ ಗಂಡ ಆ ಗುಡ್ಡ ಹತ್ತುವಾಗಲೇ — ಮುಂದಿನ ಮಾತು ಯಾವುದು, ಬರುತ್ತಿಲ್ಲ, ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ, ಕೆಂಪು ಸಾಲಿನ ನಡುವೆ, ಗುಡ್ಡದ ಬುಡದಲ್ಲಿ, ಸಾಸಿವೆಗಿಂತ ಚಿಕ್ಕದು, ಅವನು ಇನ್ನೂ ಮನೆಯಲ್ಲಿ ಅವಳ ಜೊತೆ ನಗುತ್ತಿದ್ದಾಗಲೇ ಇಳಿದು ಒಣಗಿದ್ದು, ಕಪ್ಪು, ಒಂದು ಚುಕ್ಕೆ, ಕಪ್ಪು ಚುಕ್ಕೆ