ತೆನೆ ಮರೆತ ಭತ್ತ

ಸಂಗನಬಸವನಿಗೆ ಶನಿಯ ಮೇಲೆ ಸಿಟ್ಟು ಬಂದದ್ದು ಜಾತಕದ ಕಾರಣಕ್ಕಲ್ಲ. ಆ ಸಂಜೆ ಸಿಂಧನೂರಿನ ಅರ್ಧ ಊರು ಅವನ ಕಾಲೇಜಿನ ಮಾಳಿಗೆ ಹತ್ತಿ ಶನಿಯನ್ನು ನೋಡಲು ಸಾಲು ನಿಂತಿತ್ತು. ಸಾಡೇಸಾತಿ ಕಳೆಯಲಿ ಎಂದು ವಾರ ವಾರ ಎಣ್ಣೆ ಸುರಿಯುವವರೇ ಅಂದು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ದುರ್ಬೀನಿನ ಕೊಳವೆಗೆ ಹಚ್ಚಿ, ಶನಿಯನ್ನು ಬಿಟ್ಟು ಬರಲು ಒಲ್ಲೆವೆನ್ನುತ್ತಿದ್ದರು. "ಸಾಕು ಬಿಡಪಾ, ನಮಗೂ ಒಂದೀಟು ಬಿಡು" ಎಂದು ಹಿಂದಿನವರು ಮುಂದಿನವರ ಅಂಗಿ ಜಗ್ಗುತ್ತಿದ್ದರು. ಸಾಲು ಮೆಟ್ಟಿಲಿಳಿದು ಸೈಕಲ್ ಸ್ಟ್ಯಾಂಡ್ ಮುಟ್ಟಿತ್ತು. ಸಂಗನಬಸವ ಮಾತ್ರ ಆ ಸಾಲಿನಲ್ಲಿ ನಿಲ್ಲಲಿಲ್ಲ.

ದುರ್ಬೀನು ನಾಹಿದಾಳದು. ಎರಡು ವರ್ಷದ ಹಿಂದೆ ಫಿಸಿಕ್ಸ್ ಕಲಿಸಲು ಬಂದವಳು, ಊರು ಲಿಂಗಸುಗೂರು. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಚಸ್ಮಾದಂಗಡಿ ಇಟ್ಟಿರುವ ಅವಳಪ್ಪ ಮಕ್ತುಮ್‌ಸಾಬ್ ಮಗಳಿಗೆ ಬಂಗಾರ ಮಾಡಿಸುವ ಬದಲು ಕನ್ನಡಿ, ಮಸೂರ ತರಿಸಿ, ತಾನೇ ಕೂತು ಜೋಡಿಸಿಕೊಟ್ಟಿದ್ದ ದುರ್ಬೀನು ಅದು. ಕೆಲವು ನಕ್ಷತ್ರಗಳು ಉಸಿರಾಡಿದಂತೆ ಹಿಗ್ಗಿ ಕುಗ್ಗುತ್ತವೆ, ಅದರ ಜೊತೆ ಅವುಗಳ ಬೆಳಕೂ ಏರಿಳಿಯುತ್ತದೆ. ಆ ಏರಿಳಿತವನ್ನು ಅಳೆಯುವುದು ನಾಹಿದಾಳ ಸಂಶೋಧನೆ. ಶನಿ, ಚಂದ್ರ ಎಲ್ಲ ಊರಿನವರ ಖುಷಿಗೆ.

ಸಂಗನಬಸವ ಅವಳಿಗಿಂತ ಬಹಳ ಮೊದಲಿನಿಂದ ಅಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ. ಅವನ ಸಂಶೋಧನೆ ಸಣ್ಣದಲ್ಲ, ವಸ್ತು ಮಾತ್ರ ಸಣ್ಣದು. ಭತ್ತದ ಗಿಡದ ನೆತ್ತಿಯಲ್ಲಿ, ಎಲೆಗಳ ಸುರುಳಿಯ ಒಳಗೆ, ಸಾಸಿವೆಗಿಂತ ಚಿಕ್ಕದಾದ ಒಂದು ಉಬ್ಬು ಇರುತ್ತದೆ. ಅದರ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲೆಯ ಮೇಲೆ ಎಲೆ ಹುಟ್ಟಿಸುತ್ತ ಹೋಗುತ್ತವೆ. ಒಂದು ದಿನ ಅವೇ ಕೋಶಗಳು ಎಲೆ ಸಾಕು ಎಂದು ನಿಶ್ಚಯಿಸಿ ತೆನೆ ಕಟ್ಟಲು ತೊಡಗುತ್ತವೆ. ಆ ನಿಶ್ಚಯ ಮೊದಲು ಯಾವ ಕೋಶದಲ್ಲಿ ಕಾಣುತ್ತದೆ ಎಂಬುದನ್ನು ತನ್ನ ಕಣ್ಣಿಂದ ನೋಡಬೇಕು, ಎಲ್ಲರಿಗಿಂತ ಮೊದಲು ತಾನೇ ನೋಡಬೇಕು ಎಂಬುದು ಅವನ ಹಟ. ಇದನ್ನು ಊರಿನಲ್ಲಿ ಯಾರಿಗಾದರೂ ಹೇಳಹೋದರೆ, ಇಳುವರಿ ಜಾಸ್ತಿ ಬರುತ್ತದೇನು ಎಂದು ಕೇಳುತ್ತಿದ್ದರು. ಇಲ್ಲ ಎಂದರೆ, ಬರ್ರಿ ಸರ್ ಚಾ ಕುಡಿಯೋಣು ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಭತ್ತವೇ ಇರುವ ಊರಿನಲ್ಲಿ ಭತ್ತದ ನೆತ್ತಿ ನೋಡಲು ಯಾರು ಸಾಲು ನಿಂತಾರು?

ಇಷ್ಟೇ ಆಗಿದ್ದರೆ ಅವನು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದನೋ ಏನೋ. ಆದರೆ ನಡುವೆ ಒಂದು ಕೋಣೆ ಬಂತು. ಮಾಳಿಗೆಯ ಮೇಲೆ ಮುರಿದ ಬೆಂಚು ತುಂಬಿದ್ದ ಕೋಣೆಯನ್ನು ಕಾಲೇಜಿನ ಅಧ್ಯಕ್ಷ ಆದೆಪ್ಪ ಸಾಹುಕಾರರು ಖಾಲಿ ಮಾಡಿಸಿ, ಸಂಶೋಧನೆ ಮಾಡುವ ಮೇಷ್ಟ್ರೊಬ್ಬರಿಗೆ ಕೊಡುತ್ತೇನೆಂದು ಸಾರಿದ್ದರು. ಆದೆಪ್ಪನವರದು ರೈಸ್ ಮಿಲ್ಲು. ಯಾರ ಕೆಲಸ ಚಲೋ ಕಾಣುತ್ತದೋ ದೀಪಾವಳಿಯೊಳಗೆ ನೋಡಿ ಅವರಿಗೆ ಕೀಲಿ ಕೊಡುತ್ತೇನೆ ಎಂದಿದ್ದರು. ಸಂಗನಬಸವ ಇಷ್ಟು ವರ್ಷ ತನ್ನ ಮೈಕ್ರೋಸ್ಕೋಪನ್ನು ಸ್ಟಾಫ್ ರೂಮಿನ ಮೂಲೆಯಲ್ಲಿ, ಊಟದ ಡಬ್ಬಿಗಳ ನಡುವೆ ಇಟ್ಟುಕೊಂಡು ದುಡಿದವನು. ಆ ಕೋಣೆ ಸಿಗದಿದ್ದರೆ ತನ್ನ ಕೆಲಸ ಅಲ್ಲೇ ಸಾಂಬಾರಿನ ವಾಸನೆಯಲ್ಲಿ ಮುಗಿಯುತ್ತದೆ ಎಂದು ಅವನಿಗೆ ಖಾತ್ರಿಯಿತ್ತು. ಶನಿಯನ್ನು ನೋಡಿದ ಸಂಜೆ ಆದೆಪ್ಪನವರು ಮೆಟ್ಟಿಲಿಳಿಯುತ್ತ, ನಮ್ಮ ಮೇಡಂ ಹುಲಿ ಎಂದು ನಾಲ್ಕು ಮಂದಿಯ ಮುಂದೆ ಹೊಗಳಿದರು. ಸಂಗನಬಸವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿದ್ದು ಆಗ. ಆ ಮನುಷ್ಯ ಒಂದು ದಿನವಾದರೂ ಭತ್ತದ ನೆತ್ತಿಯನ್ನು ನೋಡಲು ಬಗ್ಗಿರಲಿಲ್ಲ, ಅದೂ ಭತ್ತದಿಂದಲೇ ಸಾಹುಕಾರನಾದವನು.

ಮಾಳಿಗೆಯ ಒಂದು ಬದಿಗೆ ನಾಹಿದಾಳ ದುರ್ಬೀನು ನಿಂತರೆ, ಇನ್ನೊಂದು ಬದಿಗೆ ಸಂಗನಬಸವನ ಟಬ್ಬುಗಳಿದ್ದವು. ಅವುಗಳಲ್ಲಿದ್ದದ್ದು ಕಾಲುವೆ ಸೀಮೆಯ ಭತ್ತವಲ್ಲ. ಮಸ್ಕಿ ಗುಡ್ಡದ ಕೆಳಗೆ ಹಳ್ಳದ ದಂಡೆಗೆ ಹೊಲವಿರುವ ಅವನ ಸೋದರತ್ತೆ ಗದ್ದೆಮ್ಮ, ಕಾಲುವೆ ಬರುವುದಕ್ಕೂ ಮೊದಲಿನ ಕೆಂಪಕ್ಕಿ ಭತ್ತವನ್ನು ಮನೆಯ ಊಟಕ್ಕೆಂದು ಒಂದು ಮಡಿಯಲ್ಲಿ ಇಂದಿಗೂ ಬೆಳೆಯುತ್ತಿದ್ದಳು. ಆ ಭತ್ತದ ಕೋಶಗಳನ್ನು ಈವರೆಗೆ ಯಾರೂ ನೋಡಿಲ್ಲ, ತಾನೇ ಮೊದಲು ನೋಡಬೇಕು ಎಂಬ ಆಸೆಗೆ ಅವನು ಅತ್ತೆಯಿಂದ ಬೀಜ ತಂದು, ಅವಳು ಬಿತ್ತಿದ ವಾರವೇ ತಾನೂ ಟಬ್ಬಿಗೆ ಹಾಕಿದ್ದ.

ಶನಿಯ ಸಂಜೆಯ ಮರುದಿನ ಅವನು ಆದೆಪ್ಪನವರ ಮಿಲ್ಲಿಗೆ ಹೋದ. ಹೆಣ್ಣುಮಕ್ಕಳು ಕತ್ತಲಲ್ಲಿ ಮಾಳಿಗೆ ಹತ್ತುತ್ತಾರೆ, ಮೆಟ್ಟಿಲು ಸರಿಯಿಲ್ಲ, ಹಾವು ಚೇಳು ಬೇರೆ, ಏನಾದರೂ ಆದರೆ ಕಾಲೇಜಿನ ಹೆಸರು ಕೆಡುತ್ತದೆ ಎಂದ. ಆದೆಪ್ಪನವರಿಗೆ ಮಾತು ಹಿಡಿಸಿತು. ಮಿಲ್ಲಿನ ಅಂಗಳಕ್ಕೆ ಹಾಕುವಂಥ ಒಂದು ಫೋಕಸ್ ಲೈಟನ್ನು ಸಂಜೆಯೇ ಕಳಿಸಿಕೊಟ್ಟರು. ಸಂಗನಬಸವ ನಿಂತು ಹಾಕಿಸಿದ. ಹೊತ್ತು ಮುಳುಗಿದರೆ ತಾನೇ ಹತ್ತಿಕೊಂಡು, ಬೆಳಗಾದರೆ ತಾನೇ ಆರುವ ಲೈಟು. ಅದು ಹತ್ತಿದ ಮೇಲೆ ಆ ಮಾಳಿಗೆಯಿಂದ ಶನಿಯಿರಲಿ, ಚಂದ್ರನೂ ಸಪ್ಪಗೆ ಕಾಣತೊಡಗಿದ.

ತನ್ನ ಟಬ್ಬುಗಳ ಮೇಲೂ ಅದೇ ಬೆಳಕು ಬೀಳುತ್ತಿದೆ ಎಂಬುದು ಅವನಿಗೆ ಕಾಣದೆ ಇರಲಿಲ್ಲ. ಬಿದ್ದರೇನು? ಮಿಲ್ಲುಗಳ ಗೋಡೆಗೆ ಅಂಟಿದ ಗದ್ದೆಗಳು ರಾತ್ರಿಯಿಡೀ ಇಂಥ ಬೆಳಕಿನಲ್ಲಿ ನಿಂತೂ ಹೊತ್ತಿಗೆ ಸರಿಯಾಗಿ ತೆನೆ ಹಾಕುವುದನ್ನು ಅವನು ಬುದ್ಧಿ ಬಂದಾಗಿನಿಂದ ನೋಡಿದ್ದ. ಸಿಂಧನೂರಿನಲ್ಲಿ ಹುಟ್ಟಿದವನಿಗೆ ಭತ್ತವೆಂದರೆ ಕಾಲುವೆಯ ಭತ್ತ. ಬಿತ್ತಿ ಇಷ್ಟು ದಿನಕ್ಕೆ ತೆನೆ, ಇಷ್ಟು ದಿನಕ್ಕೆ ಕೊಯ್ಲು, ಬೇಸಿಗೆಯಾದರೂ ಅಷ್ಟೇ, ಚಳಿಯಾದರೂ ಅಷ್ಟೇ.

ನಾಹಿದಾ ಒಮ್ಮೆ ಬಂದು, ವಾರಕ್ಕೊಂದು ಸಂಜೆಯಾದರೂ ಲೈಟು ಆರಿಸಬಹುದೇ ಎಂದು ಕೇಳಿದಳು. ಅಧ್ಯಕ್ಷರು ಹಾಕಿಸಿದ್ದು, ತನ್ನ ಕೈಯಲ್ಲಿ ಏನಿದೆ ಎಂದು ಸಂಗನಬಸವ ಕೈ ತಿರುವಿದ. ಅವಳು ಲೈಟನ್ನೂ ಅವನನ್ನೂ ಒಂದು ಗಳಿಗೆ ನೋಡಿ ಹೊರಟುಹೋದಳು. ಆ ಶನಿವಾರದಿಂದ ಅವಳ ದುರ್ಬೀನು ವಾರ ವಾರ ಮಸ್ಕಿ ಬಸ್ಸು ಹತ್ತತೊಡಗಿತು. ಗುಡ್ಡದ ಮೇಲೆ ಕತ್ತಲಿಗೇನು ಬರ.

ದುರ್ಬೀನು ಹೋಯಿತು, ಹೊಟ್ಟೆಕಿಚ್ಚು ಹೋಗಲಿಲ್ಲ. ಊರಿನ ಹುಡುಗರು ಬೈಕಿನ ಮೇಲೆ ಮಸ್ಕಿಗೇ ಹೋಗಿ ನೋಡಿ ಬರತೊಡಗಿದರು. ಸೋಮವಾರ ಸ್ಟಾಫ್ ರೂಮಿನಲ್ಲಿ ಅದೇ ಮಾತು. ಕೇಳಿಸಿಕೊಂಡರೆ ಉರಿ, ಕೇಳದಿದ್ದರೆ ಇನ್ನೂ ಉರಿ. ಅಷ್ಟರಲ್ಲಿ ಆದೆಪ್ಪನವರು ಅವನನ್ನು ಕರೆಸಿ, ಮೇಡಮ್ಮಿಗೆ ಗುಡ್ಡವೇ ಸಿಕ್ಕಿತು, ಮಾಳಿಗೆ ಯಾಕೆ, ಕೋಣೆ ನೀವೇ ಇಟ್ಟುಕೊಳ್ಳಿ ಎಂದು ಕೀಲಿ ಕೊಟ್ಟರು. ಕೀಲಿ ಕೈಗೆ ಬಂದರೂ ಅವನಿಗೆ ಸುಖವಾಗಲಿಲ್ಲ. ನಿಮ್ಮ ಕೆಲಸ ಚಲೋ ಐತಿ ಎಂದು ಕೊಟ್ಟಿದ್ದರೆ ಆ ಮಾತು ಬೇರೆ.

ಕೋಣೆಗೆ ಮೈಕ್ರೋಸ್ಕೋಪು ಬಂತು. ಸಂಗನಬಸವ ದಿನಕ್ಕೊಂದು ಗಿಡ ಕಿತ್ತು, ಸುರುಳಿ ಬಿಡಿಸಿ, ನೆತ್ತಿಯನ್ನು ಬ್ಲೇಡಿನಿಂದ ತೆಳ್ಳಗೆ ಸೀಳಿ, ಬಣ್ಣ ಹಾಕಿ ನೋಡತೊಡಗಿದ. ಎಲೆ. ಮರುದಿನ ನೋಡಿದರೆ ಮತ್ತೆ ಎಲೆ. ತೆನೆಗೆ ತಿರುಗಬೇಕಾದ ಹೊತ್ತು ಬಂತು, ಮೀರಿಯೂ ಹೋಯಿತು. ಕೋಶಗಳು ಮಾತ್ರ ಹಟ ಹಿಡಿದ ಮಕ್ಕಳ ಹಾಗೆ ಎಲೆಯ ಮೇಲೆ ಎಲೆ ಹುಟ್ಟಿಸುತ್ತಲೇ ಇದ್ದವು. ಅವನು ಮಣ್ಣನ್ನು ಅನುಮಾನಿಸಿದ, ನೀರನ್ನು ಅನುಮಾನಿಸಿದ, ಕೊನೆಗೆ ಬೀಜ ಬೆರಕೆಯಾಗಿರಬೇಕು ಎಂದು ಪಾಪದ ಅತ್ತೆಯನ್ನೂ ಅನುಮಾನಿಸಿದ. ಟಬ್ಬುಗಳಲ್ಲಿ ಬೆರಳೆಣಿಕೆಯ ಗಿಡ ಉಳಿದವು.

ಒಂದು ಸೋಮವಾರ ಸಂಜೆ, ಹೊತ್ತು ಮುಳುಗುವ ಮುಂಚೆ, ನಾಹಿದಾ ಮಾಳಿಗೆ ಹತ್ತಿ ಬಂದಳು. ಲೈಟು ಬಂದ ಮೇಲೆ ಇತ್ತ ಸುಳಿಯದವಳು. ಕೈಯಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ, ಬೇರು ಸಮೇತ ಕಿತ್ತ ಭತ್ತದ ಬುಡ. ನಡುವಿನ ಕಡ್ಡಿಗಳಲ್ಲಿ ತೆನೆ ಹೊರಬಿದ್ದು ಬಾಗಿತ್ತು. ಸುತ್ತ ಇನ್ನೂ ಎಳೆಯ ಕಡ್ಡಿಗಳಿದ್ದವು.

"ನಿಮ್ಮ ಗದ್ದೆಮ್ಮತ್ತಿ ಕೊಟ್ಟಾರ್ರಿ ಸರ್," ಎಂದಳು. "ಗುಡ್ಡದಿಂದ ಇಳಿಯೋ ಮುಂದ ಅವರ ಹೊಲ ಹಾದು ಬರ್ತೀನಿ. ನಮ್ಮ ಸಂಗನಬಸವಗ ತೋರಿಸವಾ, ನೆಲ್ಲು ತೆನಿ ಹಾಕೇತಿ ಅಂತ ಹೇಳು ಅಂದ್ರು."

ಅವನು ಬುಡ ಇಸಿದುಕೊಂಡ. ಕಾಳಿನ ತುದಿಗೆ ಅದೇ ಕೆಂಪು ಮುಳ್ಳು, ಅದೇ ಭತ್ತ. ನಾಹಿದಾ ಟಬ್ಬಿನ ಗಿಡಗಳ ಕಡೆ ನೋಡಿದಳು. ದಟ್ಟ ಹಸಿರಾಗಿ, ಮೈ ತುಂಬಿಕೊಂಡು, ಬಂಜೆಯಾಗಿ ನಿಂತಿದ್ದವು.

"ಎರಡೂ ಒಂದ ಬೀಜ ಅಲ್ರೀ? ಮತ್ತ ನಿಮ್ಮವು ಯಾಕ ಹಿಂಗ ನಿಂತಾವ?"

ಆಗ ಹೊತ್ತು ಮುಳುಗಿತು. ಫೋಕಸ್ ಲೈಟು ತಾನೇ ಹತ್ತಿ, ದುರ್ಬೀನು ನಿಲ್ಲುತ್ತಿದ್ದ ಜಾಗ, ಟಬ್ಬುಗಳು, ಅವರಿಬ್ಬರ ಮುಖ ಎಲ್ಲ ಬೆಳ್ಳಗಾದವು. ಸಂಗನಬಸವ ಲೈಟಿನಿಂದ ಟಬ್ಬುಗಳ ಕಡೆ ತಿರುಗಿದ. ಕೆಲವು ಗಿಡಗಳು ರಾತ್ರಿಯನ್ನು ಅಳೆಯುತ್ತವೆ, ರಾತ್ರಿ ಉದ್ದವಾಗುತ್ತ ಬಂತು ಎಂದು ಗೊತ್ತಾದ ಮೇಲೆಯೇ ಹೂವಿಗೆ ತಿರುಗುತ್ತವೆ, ನಡುವೆ ಬೆಳಕು ತಾಗಿದರೆ ಲೆಕ್ಕ ತಪ್ಪುತ್ತವೆ. ಇದನ್ನು ಅವನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದ. ಕಾಲುವೆಯ ಭತ್ತಕ್ಕೆ ಆ ಗುಣವನ್ನು ತಳಿ ಮಾಡಿದವರು ಮರೆಸಿದ್ದರು. ಅತ್ತೆಯ ಭತ್ತ ಮರೆತಿರಲಿಲ್ಲ. ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದ ಹಾಗಾಗಿತ್ತು ಅವನ ಕೆಲಸ.

ಟಬ್ಬಿನ ಮಣ್ಣು ಸರಿಯಿಲ್ಲ ಎಂದಿದ್ದರೆ ಅವಳು ನಂಬುತ್ತಿದ್ದಳು. ಮಾತು ನಾಲಿಗೆಯ ತುದಿಗೂ ಬಂತು. ಆದರೆ ಆ ಸುಳ್ಳು ಹೇಳಿದ ಮೇಲೆ ಅದೇ ಸುಳ್ಳನ್ನು ಪ್ರಬಂಧದಲ್ಲಿ ಬರೆಯಬೇಕು, ಮಕ್ಕಳಿಗೆ ಕಲಿಸಬೇಕು. ಮನುಷ್ಯರ ವಿಷಯದಲ್ಲಿ ಅವನು ಏನೇ ಮಾಡಿದ್ದಿರಲಿ, ಕೋಶಗಳ ವಿಷಯದಲ್ಲಿ ಈವರೆಗೆ ಸುಳ್ಳು ಹೇಳಿದವನಲ್ಲ.

"ಇವಕ್ಕ ಕತ್ತಲಿ ಸಿಕ್ಕಿಲ್ರೀ," ಎಂದ.

ನಾಹಿದಾ ತಲೆಯೆತ್ತಿ ಲೈಟು ನೋಡಿದಳು. "ಹುಡುಗೇರು ಬೀಳ್ತಾರಂತ ಹಾಕ್ಸಿದ್ರಲ್ರೀ ಇದನ್ನ?"

"ಅದು ಸುಳ್ಳುರಿ. ನಿಮಗ ಆಕಾಶದಾಗಿನ ಚಿಕ್ಕಿ ಕಾಣಬಾರದಂತ ಹಾಕ್ಸಿದ್ದೆ. ಹೊಟ್ಟಿಕಿಚ್ಚಿಗೆ."

"ಗೊತ್ತಿತ್ತುರಿ," ಎಂದಳು ಅವಳು, ಸಿಟ್ಟನ್ನು ಮುಚ್ಚಿಡದೆ. "ಹುಡುಗೇರು ಹತ್ತೋದು ಆಕಡಿ ಮೆಟ್ಟಲಾ. ಲೈಟಿನ ಮಾರಿ ಈಕಡಿ ಐತಿ."

ಅವನು ಹೋಗಿ ಲೈಟಿನ ವಾಯರು ಕಿತ್ತ. ಮಾಳಿಗೆ ಕತ್ತಲಾಯಿತು. ನಾಳೆ ಆದೆಪ್ಪನವರಿಗೂ ನಿಜ ಹೇಳುತ್ತೇನೆ ಎಂದು ಕತ್ತಲಲ್ಲೇ ಹೇಳಿ, ಕೋಣೆಯ ಬಾಗಿಲು ತೆಗೆದು, ಕೀಲಿಯನ್ನು ಕಿಸೆಗೆ ಹಾಕಿಕೊಳ್ಳದೆ ಇಬ್ಬರ ಕೈಗೂ ಸಿಗುವಂತೆ ಚೌಕಟ್ಟಿನ ಮೊಳೆಗೆ ತೂಗುಹಾಕಿದ.

ನಾಹಿದಾ ಹೋಗಲಿಲ್ಲ. ಅವಳ ಹತ್ತಿರ ಆಕಾಶದ ಕತ್ತಲನ್ನು ಅಳೆಯುವ ಸಣ್ಣ ಯಂತ್ರವೊಂದಿತ್ತು. ಈ ಮಾಳಿಗೆಯ ಬೆಳಕು ಎಷ್ಟು, ಮಸ್ಕಿಯ ಕತ್ತಲು ಎಷ್ಟು ಎಂಬ ಅಳತೆ ಅವಳಲ್ಲಿದೆ ಎಂದು, ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ ಎನ್ನುವಂತೆ ಹೇಳಿದಳು. ಸಂಗನಬಸವ ಕೋಣೆಯ ದೀಪ ಹಾಕಿ ಸ್ಟೂಲಿನ ಮೇಲೆ ಕೂತ. ಒಂದೇ ಬೀಜ, ಒಂದೇ ವಾರದ ಬಿತ್ತನೆ, ಒಂದು ಬೆಳಕಿನಲ್ಲಿ, ಒಂದು ಕತ್ತಲಲ್ಲಿ. ಎಲೆಯಲ್ಲೇ ಉಳಿದ ಕೋಶ, ತೆನೆಗೆ ತಿರುಗಿದ ಕೋಶ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಬಹುದು. ಜನ್ಮವಿಡೀ ಯೋಚಿಸಿದ್ದರೂ ಅವನಿಗೆ ಇಂಥ ಪ್ರಯೋಗ ಹೊಳೆಯುತ್ತಿರಲಿಲ್ಲ, ಹೊಟ್ಟೆಕಿಚ್ಚು ಮಾಡಿಸಿತ್ತು. ಆದರೆ ಅವಳ ಅಳತೆಯಿಲ್ಲದೆ ಅದು ನಿಲ್ಲದು. ಪ್ರಬಂಧದ ಮೇಲೆ ಅವಳ ಹೆಸರು ಬರಬೇಕು. ಆ ಗಳಿಗೆಯಲ್ಲೂ ಅವನ ಮನಸ್ಸು, ಯಾರ ಹೆಸರು ಮೊದಲು ಎಂದು ಲೆಕ್ಕ ಹಾಕುತ್ತಿತ್ತು.

ಮಸ್ಕಿಯ ಬುಡದಿಂದ ಒಂದು ಎಳೆಯ ಕಡ್ಡಿ ಮುರಿದು, ಸುರುಳಿ ಬಿಡಿಸಿ, ನೆತ್ತಿ ಸೀಳಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟ. ಕಣ್ಣು ಹಚ್ಚಲು ಬಗ್ಗಿದವನು ತಡೆದುಕೊಂಡ. ಅವಳಿಗೆ ಕೊಡಲು ತನ್ನಲ್ಲಿ ಇದ್ದದ್ದು ಇದೊಂದೇ. ಸ್ಟೂಲಿನಿಂದ ಎದ್ದು ಪಕ್ಕಕ್ಕೆ ಸರಿದ.

"ಮೊದಲ ನೀವು ನೋಡ್ರಿ."

ನಾಹಿದಾ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಹಚ್ಚಿದಳು. ತಿರುಪು ತಿರುವಿ ನೋಟ ಸರಿ ಮಾಡಿಕೊಂಡಳು. ಆಮೇಲೆ ಉಸಿರು ಒಳಗೆಳೆದುಕೊಂಡಳು. ನುಣುಪಾಗಿರಬೇಕಾದ ಉಬ್ಬಿನ ಮೈಮೇಲೆ ಸುತ್ತಲೂ ಸಣ್ಣ ಸಣ್ಣ ಮೊಗ್ಗು ಎದ್ದಿವೆಯೇ ಎಂದು ಅವನು ಕೇಳಿದ. ಹೂಂ ಎಂದಳು, ತಲೆ ಎತ್ತಲಿಲ್ಲ. ಇಷ್ಟು ವರ್ಷ ಅವನು ಕಾದ ನೋಟವನ್ನು ಅವಳು ಎಲ್ಲರಿಗಿಂತ ಮೊದಲು ನೋಡುತ್ತಿದ್ದಳು, ಬಿಟ್ಟು ಸರಿಯುವ ಲಕ್ಷಣ ಕಾಣಿಸಲಿಲ್ಲ. ಸಂಗನಬಸವ ಅವಳ ಹಿಂದೆ, ತನ್ನದೇ ಕೋಣೆಯಲ್ಲಿ, ತನ್ನದೇ ಮೈಕ್ರೋಸ್ಕೋಪಿಗೆ ಸಾಲು ನಿಂತಿದ್ದ. ಕಾಲು ಬದಲಿಸಿದ, ಕೆಮ್ಮಿದ, ಕೊನೆಗೆ ತಡೆಯಲಾಗಲಿಲ್ಲ.

"ಸಾಕು ಬಿಡ್ರಿ ಮೇಡಂ," ಎಂದ. "ನನಗೂ ಒಂದೀಟು ಬಿಡ್ರಿ."